ಆರೋಪವನ್ನೇ ಹೊರಿಸದೆ ಒಳಗಿಟ್ಟವರ ಪರವಾಗಿ ಧರಣಿ ಮಾಡುವುದು ಹೇಗೆ?

ಜೂನ್ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "26ನೇ ತಾರೀಕು ನಾವೂ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋದು? ಅನುಮತಿ ಬೇಕಾ? ನಮ್ಮನ್ನೇ ಒಳಗೆ ಹಾಕಿದರೆ?" ಕೇಳುವವರಲ್ಲಿ ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಯಾವ ಸಂಘಟನೆಯ ಗಾಳಿಯೂ ಸೋಕದವರಿದ್ದಾರೆ. ಮನೆಯ ಮಗನನ್ನು ಕರೆದುಕೊಂಡು ಹೋಗಿ ತಿಂಗಳಾದರೂ ಕಾರಣ ಗೊತ್ತಾಗದ ತಾಯಂದಿರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜೂನ್ 26 ಯಾಕೆ ಅಂದರೆ, ಚಿತ್ರಹಿಂಸೆಗೆ ಒಳಗಾದವರ ಬೆಂಬಲಕ್ಕೆಂದು ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಅದು. ಚಿತ್ರಹಿಂಸೆಯ ವಿರುದ್ಧದ ಒಪ್ಪಂದ 1987ರಲ್ಲಿ ಅದೇ ದಿನ ಜಾರಿಗೆ ಬಂತು. ಬೆಂಗಳೂರಿನವರಿಗೆ ಇನ್ನೊಂದು ಕಾರಣವೂ ಇದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತಲ್ಲ, ಮರುದಿನ ಬೆಳಿಗ್ಗೆಯೇ ಇಲ್ಲಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಕಳಿಸಿದರು. 1976ರ ಮೇ ತಿಂಗಳಲ್ಲಿ ಆಗ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಇದೇ ಊರಲ್ಲಿ ಹಿಡಿದು, ಅಣ್ಣ ಎಲ್ಲಿದ್ದಾನೆ ಹೇಳು ಎಂದು ಹಿಂಸೆ ಕೊಟ್ಟರು. ಅದೇ ತಿಂಗಳು ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಹಿಡಿದು ಮೀಸಾ (ಆಂತರಿಕ ಭದ್ರತಾ) ಕಾಯ್ದೆಯಡಿ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಜೋರಾದ ಅಸ್ತಮಾ. ಸುಮಾರು ಎಂಟು ತಿಂಗಳ ನಂತರ ಬಿಟ್ಟರು, ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಅವರು ತಪ್ಪಿತಸ್ಥೆ ಎಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. ನೀವು ಧರಣಿ ಕೂರುವ ಜಾಗದಿಂದ ಹಳೆಯ ಕಾವಲು ಗೋಪುರ ಕಾಣುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಮುಂದಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಒಳಗಿರುವವರಿಗೆ ಒಳ್ಳೆಯದಾಗುತ್ತಾ? ಇಲ್ಲ ಅನ್ನಿಸಿದರೆ ಎಷ್ಟೇ ಜೋರಾದ ಕಾರ್ಯಕ್ರಮವಾದರೂ ಬಿಟ್ಟುಬಿಡಿ.

1. ಯಾವ ಥರದ ಬಂಧನ ಎಂದು ತಿಳಿದುಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. "ವಿಚಾರಣೆ ಇಲ್ಲದೆ ಇಟ್ಟಿದ್ದಾರೆ" ಎಂಬ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ, ಮೂರಕ್ಕೂ ದಾರಿ ಬೇರೆ.

ಮೊದಲನೆಯದು, ಲೆಕ್ಕಕ್ಕೇ ಸಿಗದ ಬಂಧನ. "ಸುಮ್ನೆ ವಿಚಾರಣೆಗೆ ಕರೆದಿದ್ದೇವೆ" ಅನ್ನುತ್ತಾರೆ, ಎರಡು ದಿನವಾದರೂ ಆಳು ಮನೆಗೆ ಬರುವುದಿಲ್ಲ, ಬಂಧನದ ಕಾಗದವೂ ಇಲ್ಲ. ಸಂವಿಧಾನದ 22ನೇ ವಿಧಿ ಹೇಳುವುದು ಸ್ಪಷ್ಟ: ಬಂಧಿಸಿದ 24 ಗಂಟೆಯೊಳಗೆ (ದಾರಿಯ ಸಮಯ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೀಗಾಗಿದ್ದರೆ ಧರಣಿಗೆ ಓಡಬೇಡಿ. ಮೊದಲು ವಕೀಲರನ್ನು ಹಿಡಿದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಿ. "ಈ ಮನುಷ್ಯ ನಿಮ್ಮ ಹತ್ತಿರ ಇದ್ದರೆ ತಂದು ತೋರಿಸಿ, ಯಾಕೆ ಇಟ್ಟಿದ್ದೀರಿ ಹೇಳಿ" ಎಂದು ಕೇಳುವ ಅರ್ಜಿ ಅದು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠಗಳಿವೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು.

ಎರಡನೆಯದು, ಮುನ್ನೆಚ್ಚರಿಕೆ ಬಂಧನ. ಅಂದರೆ ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಎಂಬ ಅನುಮಾನಕ್ಕೆ ಒಳಗಿಡುವುದು. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಮತ್ತು ನಾವೆಲ್ಲ ಗೂಂಡಾ ಕಾಯ್ದೆ ಎಂದು ಕರೆಯುವ ಕರ್ನಾಟಕದ 1985ರ ಕಾಯ್ದೆ, ಎರಡರಲ್ಲೂ 12 ತಿಂಗಳವರೆಗೆ ಇಡಬಹುದು. ದೋಷಾರೋಪ ಪಟ್ಟಿಯೂ ಇಲ್ಲ, ವಿಚಾರಣೆಯೂ ಇಲ್ಲ. ಒಂದು ಸಲಹಾ ಮಂಡಳಿ ನೋಡುತ್ತದೆ, ಅಷ್ಟೇ. ಭದ್ರತಾ ಕಾಯ್ದೆಯಡಿ ಆ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕೂ ಇಲ್ಲ. ಇಲ್ಲಿ ಕೈಗೆ ಸಿಗುವ ದೊಡ್ಡ ಆಯುಧ ಎಂದರೆ ಬಂಧಿತರೇ ಸರ್ಕಾರಕ್ಕೆ ಬರೆಯುವ ಮನವಿ. ಅದನ್ನು ಬೇಗ ನೋಡದೆ ಸುಮ್ಮನೆ ಇಟ್ಟುಕೊಂಡರು ಎಂಬ ಕಾರಣಕ್ಕೇ, ಅಥವಾ ಬಂಧನದ ಕಾರಣಗಳನ್ನು ಅವರಿಗೆ ಗೊತ್ತಿರುವ ಭಾಷೆಯಲ್ಲಿ ಕೊಡಲಿಲ್ಲ ಎಂಬ ಕಾರಣಕ್ಕೇ, ನ್ಯಾಯಾಲಯಗಳು ಎಷ್ಟೋ ಆದೇಶಗಳನ್ನು ರದ್ದು ಮಾಡಿವೆ. ಹಾಗಾಗಿ ಮನವಿ ಹೋಯಿತಾ, ಯಾವ ತಾರೀಕಿಗೆ ಹೋಯಿತು, ಅವರಿಗೆ ಕೊಟ್ಟ ಕಾಗದ ಕನ್ನಡದಲ್ಲಿತ್ತಾ, ಇಷ್ಟನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯದು, ಆರೋಪ ಇದೆ ಆದರೆ ವಿಚಾರಣೆಯೇ ಬಾರದ ಬಂಧನ. ಸಾಮಾನ್ಯ ಪ್ರಕರಣದಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಲ್ಲಿ, ನ್ಯಾಯಾಲಯ ಒಪ್ಪಿದರೆ ಅದು 180 ದಿನಕ್ಕೆ ಹೋಗುತ್ತದೆ. ಜಾಮೀನಿನ ಬಾಗಿಲೂ ತುಂಬಾ ಕಿರಿದು. ಹಾಗಾಗಿ ವರ್ಷಗಟ್ಟಲೆ ಒಳಗೇ ಕಳೆಯುತ್ತಾರೆ. ಇಲ್ಲಿ "ಆರೋಪವೇ ಇಲ್ಲ" ಎಂದು ಬೋರ್ಡು ಹಿಡಿದರೆ ಅದು ತಪ್ಪಾಗುತ್ತದೆ, ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. "ವಿಚಾರಣೆ ನಡೆಸಿ, ಇಲ್ಲವೇ ಜಾಮೀನು ಕೊಡಿ" ಎನ್ನಿ.

2. ಮನೆಯವರನ್ನು ಕೇಳಿ, ವಕೀಲರನ್ನು ಕೇಳಿ

ಕೇಳದೆ ಯಾರ ಹೆಸರನ್ನೂ, ಫೋಟೋವನ್ನೂ ಬಳಸಬೇಡಿ. ಇದರಲ್ಲಿ ನಾವೇ ಒಂದು ಸಲ ದೊಡ್ಡ ತಪ್ಪು ಮಾಡಿದ್ದೇವೆ. ಒಬ್ಬ ಹುಡುಗನ ಫೋಟೋ ಹಾಕಿ ಫ್ಲೆಕ್ಸ್ ಮಾಡಿಸಿದ್ದೆವು. ಅವನ ಅಣ್ಣ ಹೂಂ ಅಂದಿದ್ದರು, ಬೇರೆ ಊರಲ್ಲಿ ಕೆಲಸಕ್ಕಿದ್ದ ಅಕ್ಕನನ್ನು ನಾವು ಕೇಳಿರಲಿಲ್ಲ. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ಅವರ ಮನೆ ಮಾಲೀಕರಿಗೂ ತಲುಪಿತು, ವಾರದೊಳಗೆ ಮನೆ ಖಾಲಿ ಮಾಡಿ ಎಂದರು. ಆ ಅಕ್ಕ ಫೋನಿನಲ್ಲಿ ಬೈಯಲಿಲ್ಲ. "ನನ್ನನ್ನೂ ಒಂದು ಮಾತು ಕೇಳಬಹುದಿತ್ತಲ್ಲ ಅಣ್ಣ" ಎಂದರು. ಅಂದಿನಿಂದ ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇವೆ.

ವಕೀಲರ ಹತ್ತಿರ ಎರಡೇ ಪ್ರಶ್ನೆ: ಜಾಮೀನು ಅರ್ಜಿ ಯಾವಾಗ ಬರುತ್ತದೆ, ಅದಕ್ಕೆ ಮೊದಲು ನಾವು ಸದ್ದು ಮಾಡಿದರೆ ತೊಂದರೆಯಾಗುತ್ತಾ? "ಈಗ ಬೇಡ" ಎಂದರೆ ಬೇಡ. ಹೆಸರು ಹಾಕದೆ ಕಾಯ್ದೆಯ ವಿರುದ್ಧ ಮಾತ್ರ ಧರಣಿ ಮಾಡಿ, ಅದೂ ಪೂರ್ತಿ ಧರಣಿಯೇ.

ಲಾಕಪ್ಪಿನಲ್ಲಿ ಹೊಡೆದಿದ್ದಾರೆ ಎಂಬ ದೂರು ಇದ್ದರೆ ಧರಣಿಗೂ ಮೊದಲು ಒಂದು ಕೆಲಸ ಇದೆ, ತಡ ಮಾಡಬೇಡಿ. ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿಡಿ ಎಂದು ಇವತ್ತೇ ಕಾಗದ ಬರೆಯಿರಿ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ಲಾಕಪ್ಪು, ಬಾಗಿಲು, ಓಡಾಡುವ ಜಾಗ ಎಲ್ಲ ಕಾಣಬೇಕು, ಮಾತೂ ಕೇಳಬೇಕು, 18 ತಿಂಗಳು ದೃಶ್ಯ ಇಟ್ಟಿರಬೇಕು, ಅದಾಗದಿದ್ದರೆ ಕಡಿಮೆ ಎಂದರೂ ಒಂದು ವರ್ಷ ಎಂದು ಹೇಳಿದೆ. ಯಾವ ಠಾಣೆ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಬರೆದು ಠಾಣೆಗೂ, ಮೇಲಿನ ಅಧಿಕಾರಿಗೂ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯನ್ನು ಜೋಪಾನವಾಗಿಡಿ. ಜೊತೆಗೆ, ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ "ಹೊಡೆದರು" ಎಂದು ಬಾಯಿಬಿಟ್ಟು ಹೇಳಬೇಕು, ವೈದ್ಯಕೀಯ ಪರೀಕ್ಷೆ ಕೇಳಬೇಕು. ಇದನ್ನು ವಕೀಲರ ಮೂಲಕ ಒಳಗಿರುವವರಿಗೆ ತಿಳಿಸಿ.

3. ಒಂದೇ ಬೇಡಿಕೆ ಆರಿಸಿ

ಹತ್ತು ಬೇಡಿಕೆ ಇಟ್ಟರೆ ಒಂದೂ ಯಾರಿಗೂ ನೆನಪಿರುವುದಿಲ್ಲ. ಒಂದು ದೊಡ್ಡದು, ಅದರ ಜೊತೆ ಸ್ಥಳೀಯವಾದ ಒಂದು ಸಣ್ಣದು, ಸಾಕು. ನನಗೆ ಸರಿ ಕಾಣುವ ದೊಡ್ಡ ಬೇಡಿಕೆ ಚಿತ್ರಹಿಂಸೆ ತಡೆ ಕಾನೂನು. ನಮ್ಮ ದೇಶ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು. ಆದರೆ ಅನುಮೋದನೆ ಇನ್ನೂ ಆಗಿಲ್ಲ. ಸಹಿ ಎಂದರೆ ಒಪ್ಪಿದ್ದೇವೆ ಎಂಬ ಮಾತು, ಅನುಮೋದನೆ ಎಂದರೆ ಆ ಮಾತಿಗೆ ಕಟ್ಟುಬೀಳುವುದು. 2010ರಲ್ಲಿ ಒಂದು ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯ ಸಮಿತಿಗೆ ಹೋಗಿ ಕೊನೆಗೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಕಾನೂನು ಬೇಕು ಎಂದು ಕರಡನ್ನೂ ಬರೆದು ಕೊಟ್ಟಿತು. ಅಂದರೆ ನೀವು ಹೊಸದೇನನ್ನೂ ಕೇಳುತ್ತಿಲ್ಲ. ಸರ್ಕಾರದ ಆಯೋಗವೇ ಬರೆದದ್ದನ್ನು ಜಾರಿಗೆ ತನ್ನಿ ಎನ್ನುತ್ತಿದ್ದೀರಿ.

ಸಣ್ಣ ಬೇಡಿಕೆ ನಿಮ್ಮ ಊರಿನದ್ದಾಗಿರಲಿ. "ನಮ್ಮ ಠಾಣೆಯ ಕ್ಯಾಮೆರಾ ಕೆಲಸ ಮಾಡುತ್ತಿದೆಯಾ ತೋರಿಸಿ" ಎನ್ನಬಹುದು. "ಬಂಧಿಸಿದಾಗ ಬಂಧನ ಪತ್ರ ಬರೆದು ಸಾಕ್ಷಿಯ ಸಹಿ ಪಡೆಯಿರಿ" ಎನ್ನಬಹುದು. ಇದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಕೊಟ್ಟ 11 ಸೂಚನೆಗಳಲ್ಲಿ ಒಂದು. ಬಂಧಿತರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂಬುದೂ ಅದರಲ್ಲೇ ಇದೆ.

4. ಅನುಮತಿ

ಬೆಂಗಳೂರಲ್ಲಿ 2021ರ ಪೊಲೀಸ್ ಆದೇಶದ ನಂತರ ಧರಣಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಟೌನ್ ಹಾಲ್ ಮೆಟ್ಟಿಲ ಕಾಲ ಮುಗಿಯಿತು, ಅದು ನನಗೆ ಬೇಸರದ ವಿಷಯ, ಆದರೆ ಈಗ ಅಲ್ಲಿ ನಿಂತರೆ ಎಫ್‌ಐಆರ್ ಆಗುತ್ತದೆ. ಫ್ರೀಡಂ ಪಾರ್ಕ್ ಉಪ್ಪಾರಪೇಟೆ ಠಾಣೆಯ ವ್ಯಾಪ್ತಿಗೆ ಬರುತ್ತದೆ. ಆದಷ್ಟು ಮೊದಲೇ ಅಲ್ಲಿಗೆ ಹೋಗಿ ಅರ್ಜಿ ಯಾರ ಹೆಸರಿಗೆ ಬರೆಯಬೇಕು, ಜೊತೆಗೆ ಏನೇನು ಬೇಕು ಎಂದು ಕೇಳಿಕೊಳ್ಳಿ. ಬೇರೆ ಜಿಲ್ಲೆಯವರು ಹತ್ತಿರದ ಠಾಣೆಯಲ್ಲಿ ಕೇಳಿ, ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿ ಅಥವಾ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರುತ್ತಾರೆ.

ಅರ್ಜಿ ಒಂದು ಪುಟ ದಾಟಬಾರದು. ಹೀಗೆ ಬರೆಯಿರಿ:

"ಮಾನ್ಯರೇ, ದಿನಾಂಕ ಇಂಥದ್ದರಂದು ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಫ್ರೀಡಂ ಪಾರ್ಕಿನಲ್ಲಿ ಸುಮಾರು 50 ಜನ ಶಾಂತಿಯುತ ಧರಣಿ ನಡೆಸಲು ಅನುಮತಿ ಕೋರುತ್ತೇವೆ. ವಿಷಯ: ಚಿತ್ರಹಿಂಸೆ ತಡೆ ಕಾನೂನಿಗೆ ಒತ್ತಾಯ. ಮೆರವಣಿಗೆ ಇರುವುದಿಲ್ಲ. ಒಂದು ಧ್ವನಿವರ್ಧಕ ಬಳಸುತ್ತೇವೆ. ಜವಾಬ್ದಾರರ ಹೆಸರು, ವಿಳಾಸ, ಫೋನ್ ಕೆಳಗಿದೆ."

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಎಂದರೆ ಸೀಲು ಬೀಳುವವರೆಗೆ ನಯವಾಗಿ ನಿಂತಿರಿ. ಸೀಲಿಲ್ಲದ ಅರ್ಜಿಯನ್ನು ಆಮೇಲೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಬರೆದದ್ದಕ್ಕಿಂತ ಜಾಸ್ತಿ ಜನ ಬಂದರೆ ಸಹಿ ಹಾಕಿದವರಿಗೆ ತೊಂದರೆ. ಹಾಗಾಗಿ ಸಂಖ್ಯೆಯನ್ನು ಕಡಿಮೆ ತೋರಿಸಬೇಡಿ. ಅನುಮತಿ ಕೊಡಲಿಲ್ಲ ಎಂದರೆ ಕಾರಣವನ್ನು ಬರಹದಲ್ಲೇ ಕೇಳಿ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಾಕಿದ್ದ 144ನೇ ಸೆಕ್ಷನ್ನಿನ ನಿಷೇಧಾಜ್ಞೆ ಕಾನೂನುಬದ್ಧವಲ್ಲ ಎಂದು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಕಾಗದಗಳು ಇದ್ದರೆ ಮಾತ್ರ ಹಾಗೆ ಪ್ರಶ್ನಿಸಬಹುದು. (144 ಈಗ ಹೊಸ ಸಂಹಿತೆಯಲ್ಲಿ 163 ಆಗಿದೆ, ಜನ ಇನ್ನೂ ಹಳೆಯ ಸಂಖ್ಯೆಯನ್ನೇ ಹೇಳುತ್ತಾರೆ.)

5. ಬೋರ್ಡು, ಘೋಷಣೆ

"ಇವನು ಅಮಾಯಕ" ಎಂದು ಬರೆಯಬೇಡಿ. ನಿಮಗೆ ಹಾಗೆ ಅನ್ನಿಸಬಹುದು, ಅದು ನಿಜವೂ ಇರಬಹುದು. ಆದರೆ ಆ ಮಾತು ಬಂದ ಕೂಡಲೇ ಚರ್ಚೆ ಆ ಮನುಷ್ಯ ಒಳ್ಳೆಯವನಾ ಕೆಟ್ಟವನಾ ಎಂಬ ಕಡೆ ಹೋಗುತ್ತದೆ. ಕೆಟ್ಟವನೇ ಆಗಿದ್ದರೂ ಹೊಡೆಯುವಂತಿಲ್ಲ, ಕಾರಣ ಹೇಳದೆ ಇಡುವಂತಿಲ್ಲ. "ಆರೋಪ ಇದ್ದರೆ ಹೊರಿಸಿ, ಇಲ್ಲದಿದ್ದರೆ ಬಿಡಿ." "ಲಾಕಪ್ಪಿನಲ್ಲೂ ಸಂವಿಧಾನ ಇದೆ." ಇಂಥವು ಸಾಕು. ಅಕ್ಷರ ದೊಡ್ಡದಿರಲಿ, ಒಂದು ಬೋರ್ಡಿಗೆ ನಾಲ್ಕೈದು ಪದ. ನಾವು ಒಮ್ಮೆ ಒಳಗಿಟ್ಟ ದಿನಗಳ ಲೆಕ್ಕವನ್ನೇ ಬರೆದೆವು, ಒಂದು ರಟ್ಟಿನ ಮೇಲೆ ಬರೀ "217" ಎಂದು. ದಾರಿಯಲ್ಲಿ ಹೋಗುವವರು ನಿಂತು "ಏನದು?" ಎಂದು ಕೇಳುತ್ತಿದ್ದರು. ಒಬ್ಬ ಆಟೋ ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿ ಬಂದು ಕೇಳಿಸಿಕೊಂಡು ಹೋದರು.

ಅಧಿಕಾರಿಯ ಹೆಸರು ಹಾಕಿ ಕೊಲೆಗಾರ ಎನ್ನಬೇಡಿ, ಮಾನನಷ್ಟದ ಕೇಸು ಬರುತ್ತದೆ. ನ್ಯಾಯಾಧೀಶರ ಉದ್ದೇಶವನ್ನು ಆಡಬೇಡಿ, ಅದು ನ್ಯಾಯಾಂಗ ನಿಂದನೆ ಆಗಬಹುದು. ತೀರ್ಪನ್ನು ಟೀಕಿಸಬಹುದು, ಧಾರಾಳವಾಗಿ. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಅದೇ ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. 2017ರಲ್ಲಿ ತೀರ್ಪು ಬಂದ ಆ ಪ್ರಕರಣ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭಾಷಣ ಮಾಡುವವರಿಗೆ ಈ ಕಥೆ ಗೊತ್ತಿರಲಿ.

6. ಆ ದಿನ

ಹೇಳಿದ ಸಮಯಕ್ಕೆ ಶುರು, ಹೇಳಿದ ಸಮಯಕ್ಕೆ ಮುಕ್ತಾಯ. ನೀರು, ಛತ್ರಿ (ಜೂನ್ ಮಳೆ ಕೇಳಿ ಬರುವುದಿಲ್ಲ), ಅನುಮತಿ ಪತ್ರದ ಮೂರು ಪ್ರತಿ. ಪೊಲೀಸರ ಹತ್ತಿರ ಮಾತಾಡಲು ಒಬ್ಬರೇ ಇರಲಿ, ಉಳಿದವರು ವಾದಕ್ಕೆ ಇಳಿಯಬಾರದು. ಮನೆಯವರು ಬಂದಿದ್ದರೆ ಅವರ ಪಕ್ಕ ಯಾವಾಗಲೂ ಒಬ್ಬರು ಕೂತಿರಿ, ಮೈಕು ಅವರ ಮುಖಕ್ಕೆ ಹಿಡಿಯುವವರನ್ನು ತಡೆಯಿರಿ. ಅವರಿಗೆ ಮಾತಾಡಬೇಕು ಅನ್ನಿಸಿದರೆ ಮಾತಾಡುತ್ತಾರೆ. ಹಿಂಸೆ ಅನುಭವಿಸಿ ಬಂದವರಿಗೆ "ಏನೇನು ಮಾಡಿದರು ಹೇಳಿ" ಎಂದು ಎಲ್ಲರ ಮುಂದೆ ಕೇಳಲೇಬೇಡಿ. ಹೊಡೆಯುವುದನ್ನು ನಟಿಸಿ ತೋರಿಸುವ ಬೀದಿ ನಾಟಕವನ್ನೂ ಅವರಿದ್ದಾಗ ಬೇಡ.

7. ನಿಮ್ಮನ್ನೇ ವಶಕ್ಕೆ ತೆಗೆದುಕೊಂಡರೆ

ಅನುಮತಿ ಇದ್ದರೆ ಹೀಗಾಗುವುದು ಕಡಿಮೆ. ಆದರೂ ತಯಾರಿರಿ. ವಕೀಲರ ನಂಬರನ್ನು ಪೆನ್ನಿನಲ್ಲಿ ಕೈ ಮೇಲೆ ಬರೆದುಕೊಳ್ಳಿ, ಫೋನು ಕೈತಪ್ಪಬಹುದು. ಹೊರಗೆ ಉಳಿಯುವ ಒಬ್ಬರ ಹತ್ತಿರ ಎಲ್ಲರ ಹೆಸರು, ಮನೆಯವರ ನಂಬರ್, ಯಾರಿಗೆ ಯಾವ ಮಾತ್ರೆ ಬೇಕು ಎಂಬ ಪಟ್ಟಿ ಇರಲಿ. ಎಳೆದಾಡಬೇಡಿ, ವ್ಯಾನ್ ಹತ್ತಿ. ಯಾವ ಠಾಣೆಗೆ ಎಂದು ಕೇಳಿ ಕೂಗಿ ಹೇಳಿ. ಬಂಧನದ ಕಾರಣ ತಿಳಿಯುವ ಹಕ್ಕು, ಮನೆಯವರಿಗೆ ತಿಳಿಸುವ ಹಕ್ಕು, ವಕೀಲರನ್ನು ಕಾಣುವ ಹಕ್ಕು ಮೂರೂ ನಿಮಗಿವೆ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದಿರಬೇಕು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಓದಿಯೇ ಹಾಕಿ.

ಕೆಲಸದ ವೀಸಾದಲ್ಲಿ ಹೊರದೇಶದಲ್ಲಿರುವ ಕನ್ನಡದವರು ನಾವೇನು ಮಾಡಬಹುದು ಎಂದು ಕೇಳುತ್ತಿರುತ್ತಾರೆ. ಅಮೆರಿಕದಲ್ಲಿ ಪ್ರತಿ ಜನವರಿ 11ರಂದು ಕ್ಯೂಬಾದಲ್ಲಿ ಅಮೆರಿಕದ ಸೇನೆ ನಡೆಸುವ ಗ್ವಾಂಟನಾಮೋ ಜೈಲಿನ ವಿರುದ್ಧ ಜನ ಕಿತ್ತಳೆ ಬಣ್ಣದ ಅಂಗಿ, ಕಪ್ಪು ಮುಸುಕು ಹಾಕಿ ಸುಮ್ಮನೆ ನಿಲ್ಲುತ್ತಾರೆ. 2002ರ ಅದೇ ದಿನ ಅಲ್ಲಿಗೆ ಮೊದಲ ಕೈದಿಗಳನ್ನು ತಂದರು. ಒಟ್ಟು ಸುಮಾರು 780 ಜನರನ್ನು ಅಲ್ಲಿಟ್ಟರು, ಬಹುಪಾಲು ಜನರ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ನೀವೂ ಹೋಗಬಹುದು, ಆದರೆ ಬೇಕೆಂದೇ ಬಂಧನಕ್ಕೆ ಒಳಗಾಗುವ ಕಾರ್ಯಕ್ರಮ ಇದ್ದರೆ ದೂರ ನಿಲ್ಲಿ, ವೀಸಾಕ್ಕೆ ತೊಂದರೆಯಾಗಬಹುದು.

8. ಮನವಿ ಪತ್ರ, ಮತ್ತು ಆಮೇಲಿನ ಕೆಲಸ

ಫೋಟೋ ತೆಗೆದು ಮನೆಗೆ ಹೋದರೆ ಅರ್ಧ ಕೆಲಸವಷ್ಟೇ ಆದಂತೆ. ಧರಣಿಯ ಕೊನೆಗೆ ಮನವಿ ಪತ್ರ ಕೊಡಿ. ಜಿಲ್ಲೆಗಳಲ್ಲಿ "ಜಿಲ್ಲಾಧಿಕಾರಿಗಳ ಮೂಲಕ ಗೃಹ ಸಚಿವರಿಗೆ" ಎಂದು ಬರೆದು ಕೊಡುವುದು ರೂಢಿ. ಇಲ್ಲೂ ಸೀಲು ಬೇಕು. ಒಂದು ತಿಂಗಳಾದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ, "ಇಂಥ ದಿನದ ನಮ್ಮ ಮನವಿಯ ಮೇಲೆ ಏನು ಕ್ರಮ ಆಯಿತು, ಕಡತದ ಪ್ರತಿ ಕೊಡಿ" ಎಂದು ಕೇಳಿ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 30 ದಿನ ಕಾಯಬೇಕಿಲ್ಲ, 48 ಗಂಟೆಯಲ್ಲಿ ಉತ್ತರ ಕೊಡಬೇಕು. ಅರ್ಜಿಯ ಮೊದಲ ಸಾಲಲ್ಲೇ ಅದನ್ನು ಬರೆಯಿರಿ, ಎಷ್ಟೋ ಜನಕ್ಕೆ ಈ ಅವಕಾಶ ಗೊತ್ತೇ ಇಲ್ಲ.

ಹಿಂಸೆಯ ದೂರು ಇದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ. ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಬಹುದು, ಬಂಧಿತರ ಪರವಾಗಿ ನೀವೂ ಬರೆಯಬಹುದು. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗಕ್ಕೆ ಅಥವಾ ರಾಷ್ಟ್ರೀಯ ಆಯೋಗಕ್ಕೆ, ಯಾವುದಾದರೂ ಒಂದಕ್ಕೆ ಮಾತ್ರ ಕಳಿಸಿ. ರಾಜ್ಯ ಆಯೋಗದ ಮುಂದಿರುವುದನ್ನು ರಾಷ್ಟ್ರೀಯ ಆಯೋಗ ನೋಡುವುದಿಲ್ಲ. ಕಾಗದಕ್ಕೆ ಏನು ಬೆಲೆ ಎಂದು ಯಾರಾದರೂ ಕೇಳಿದರೆ ಸುನಿಲ್ ಬಾತ್ರಾ ಅವರ ವಿಷಯ ಹೇಳಿ. ತಿಹಾರ್ ಜೈಲಿನಲ್ಲಿದ್ದ ಅವರು, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು.

ಕೊನೆಯದಾಗಿ, ಒಳಗಿರುವವರಿಗೇ ಒಂದು ಪತ್ರ ಬರೆಯಿರಿ. ಲಕೋಟೆ ಮೇಲೆ ಅವರ ಹೆಸರು, ತಂದೆಯ ಹೆಸರು, ಕೈದಿ ಸಂಖ್ಯೆ, ಜೈಲಿನ ವಿಳಾಸ ಇರಲಿ. ಜೈಲಿನವರು ಓದಿಯೇ ಕೊಡುತ್ತಾರೆ, ಹಾಗಾಗಿ ಕೇಸಿನ ಮಾತು ಬೇಡ, ಬಂದವರ ಹೆಸರೂ ಬೇಡ. ಮಳೆ ಬಂತು, ಆದರೂ ಇಷ್ಟು ಜನ ಕೂತಿದ್ದೆವು, ಅಮ್ಮ ಊಟ ಮಾಡಿಕೊಂಡೇ ಹೊರಟರು, ಮನವಿಗೆ ಸೀಲು ಬಿತ್ತು ಎಂದು ಬರೆಯಿರಿ. ಉತ್ತರ ಬರೆಯಲು ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆಯೊಂದನ್ನೂ ಒಳಗಿಡಿ.